ಜನವರಿಯಲ್ಲಿ ಹಿಡಿದ ದುಂಬಿಗಳು

ಆ ಕೆಲಸ ನನಗೆ ಸಿಕ್ಕಿದ್ದು ಎಂ.ಎಸ್ಸಿ. ಪದವಿಯಿಂದಲ್ಲ, ನನ್ನ ಅಕ್ಷರದಿಂದ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ಮದುವೆಯಾಗಿ, ೧೯೬೮ರಲ್ಲಿ ನ್ಯೂಜೆರ್ಸಿಗೆ ಬಂದವಳು ನಾನು. ಗಂಡ ಮೈಸೂರಿನ ಕಡೆಯವರು, ಔಷಧ ತಯಾರಿಸುವ ಒಂದು ಕಂಪನಿಯಲ್ಲಿ ಕೆಮಿಸ್ಟ್. ಮೊದಲ ಮೂರು ವರ್ಷ ನನ್ನ ವೀಸಾದ ಮೇಲೆ ಕೆಲಸ ಮಾಡುವಂತಿರಲಿಲ್ಲ. ಈಸ್ಟ್ ಬ್ರನ್ಸ್‌ವಿಕ್‌ನ ಗಾರ್ಡನ್ ಅಪಾರ್ಟ್‌ಮೆಂಟೊಂದರ ಎರಡನೆಯ ಮಹಡಿಯಲ್ಲಿ ಮಗಳನ್ನು ಬೆಳೆಸುತ್ತ, ಊರಿಗೆ ನೀಲಿ ಏರೋಗ್ರಾಮ್‌ಗಳಲ್ಲಿ ಪತ್ರ ಬರೆಯುತ್ತ ಇದ್ದೆ. ಒಂದು ಹಾಳೆಯಲ್ಲಿ ಎಲ್ಲ ಹಿಡಿಸಬೇಕೆಂದು ಅಕ್ಷರ ಸಣ್ಣದಾಗುತ್ತ ಹೋಯಿತು. ಗ್ರೀನ್ ಕಾರ್ಡ್ ಬಂದ ಮೇಲೆ ಇಲ್ಲಿನ ಸ್ಥಳೀಯ ಪತ್ರಿಕೆಯಲ್ಲಿ ಒಂದು ಜಾಹೀರಾತು ನೋಡಿದೆ. ಹತ್ತಿರದ ಕೃಷಿ ಕಾಲೇಜಿನ ಕೀಟಸಂಗ್ರಹಕ್ಕೆ ಒಬ್ಬ ಸಹಾಯಕಿ ಬೇಕಾಗಿದ್ದಳು.

ಸಂಗ್ರಹದ ಮುಖ್ಯಸ್ಥರು ಅರವತ್ತು ದಾಟಿದ ಒಬ್ಬ ಪ್ರೊಫೆಸರ್. ಎತ್ತರದ ಮನುಷ್ಯ, ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಪದವಿಯ ಪ್ರಮಾಣಪತ್ರಗಳನ್ನು ಫೈಲಿನಲ್ಲಿಟ್ಟುಕೊಂಡು ಹೋಗಿದ್ದೆ. ಅವರು ಆ ಫೈಲನ್ನು ಮುಟ್ಟಲಿಲ್ಲ. ಉಗುರಿನಷ್ಟಗಲದ ಒಂದು ಕಾಗದದ ಚೂರು, ಸೂಜಿಮೊನೆಯ ನಿಬ್ಬಿನ ಪೆನ್ನು ಕೊಟ್ಟು ಅದರಲ್ಲಿ ನಾಲ್ಕು ಸಾಲು ಬರೆಯಲು ಹೇಳಿದರು. ಬರೆದೆ. ಮಸೂರ ಹಿಡಿದು ನೋಡಿ, ಸೋಮವಾರದಿಂದ ಬನ್ನಿ ಅಂದರು.

ಕೆಲಸವೆಂದರೆ ಹುಳಗಳಿಗೆ ಪಿನ್ನು ಚುಚ್ಚುವುದು, ಪಿನ್ನಿನ ಕೆಳಗೆ ಲೇಬಲ್ ಸಿಕ್ಕಿಸುವುದು. ಲೇಬಲ್ಲಿನಲ್ಲಿ ಮೂರು ವಿಷಯ ಇರಬೇಕು: ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಯಾರು ಹಿಡಿದರು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ಹುಳ ಕಸಕ್ಕೆ ಸಮ ಎಂದು ಪ್ರೊಫೆಸರ್ ಮೊದಲ ದಿನವೇ ಹೇಳಿದ್ದರು. ಆಮೇಲಿನ ನಾಲ್ಕು ವರ್ಷದಲ್ಲಿ ನಾನು ಬರೆದ ಲೇಬಲ್ಲುಗಳಿಗೆ ಲೆಕ್ಕವಿಲ್ಲ. ಬಹಳಷ್ಟರ ಮೂರನೆಯ ಸಾಲು ಅವರ ಹೆಸರೇ.

ಅವರ ಜೀವನದ ಕೆಲಸ ಬಂಬಲ್‌ಬೀ. ನಮ್ಮ ಕಡೆ ದುಂಬಿ ಎಂದರೆ ಬಾಗಿಲ ತೊಲೆ ಕೊರೆದು ಮನೆ ಮಾಡುವ, ನುಣ್ಣಗೆ ಹೊಳೆಯುವ ಕರಿ ಹುಳ. ಇದು ಬೇರೆ. ಇದಕ್ಕೆ ಮೈತುಂಬ ಕೂದಲು, ಉಣ್ಣೆಯ ಸ್ವೆಟರ್ ತೊಟ್ಟ ಹಾಗೆ. ಚಳಿದೇಶದ ಹುಳ. ಆದರೂ ನನ್ನ ಮನಸ್ಸಿನಲ್ಲಿ ಅದಕ್ಕೆ ದುಂಬಿ ಎಂಬ ಹೆಸರೇ ಕೂತುಬಿಟ್ಟಿತ್ತು. ಪ್ರೊಫೆಸರ್ ಮೂರು ಬೇಸಿಗೆ ಅಟ್ಲಾಂಟಿಕ್ ಸಾಗರದ ನಟ್ಟನಡುವಿನ, ಪೋರ್ಚುಗೀಸರ ಆಳ್ವಿಕೆಯ ದ್ವೀಪಗಳಿಗೆ ಹೋಗಿ ನೂರಾರು ದುಂಬಿಗಳನ್ನು ತಂದಿದ್ದರು. ಆ ದ್ವೀಪಗಳು ಎಂದೂ ಯಾವ ಖಂಡಕ್ಕೂ ಅಂಟಿಕೊಂಡಿದ್ದವಲ್ಲ, ಕಡಲ ತಳದಿಂದ ಬೆಂಕಿಯೊಡನೆ ಮೇಲೆದ್ದವು. ಅಲ್ಲಿಗೆ ಬಂದ ಜೀವ ಬೇರೆಯವುಗಳಿಂದ ದೂರವಾಗಿ, ಕಾಲ ಕಳೆದಂತೆ ಬೇರೆಯೇ ಆಗಿಬಿಡುತ್ತದೆ ಎಂಬುದು ಅವರ ನಂಬಿಕೆ. ಅವರು ತಂದ ದುಂಬಿಗಳು ಪೂರ್ತಿ ಕಪ್ಪು. ಯುರೋಪಿನ ತೋಟಗಳಲ್ಲಿ ಅದೇ ಗಾತ್ರದ ಒಂದು ದೊಡ್ಡ ದುಂಬಿ ಇದೆ, ಆದರೆ ಅದಕ್ಕೆ ಎದೆಯ ಮೇಲೆ ಎರಡು, ಹೊಟ್ಟೆಯ ಮೇಲೆ ಒಂದು ಹಳದಿ ಪಟ್ಟಿ. ಕಪ್ಪು ದುಂಬಿ ಆ ದ್ವೀಪಗಳದೇ ಸ್ವಂತ ಪ್ರಭೇದ, ಅದಕ್ಕೆ ಹೊಸ ಹೆಸರು ಬೇಕು ಎಂದು ಅವರು ತೀರ್ಮಾನಿಸಿದ್ದರು. ತೀರಿಹೋದ ಹೆಂಡತಿಯ ಹೆಸರಿಡುವುದು ಅವರ ಆಸೆಯೆಂದು ನನಗೆ ತಿಳಿದದ್ದು ಅವರ ಮೇಜಿನ ಮೇಲಿನ ಕರಡಿನಿಂದ. ಟೈಪು ಮಾಡಿದ ಲ್ಯಾಟಿನ್ ಹೆಸರಿನ ಎರಡನೆಯ ಪದದಲ್ಲಿ ಆಕೆಯ ಹೆಸರಿತ್ತು.

ಹುಳಗಳನ್ನು ಬಣ್ಣ ನೋಡಿ ಗುರುತಿಸಬಾರದು ಎಂದು ಧಾರವಾಡದಲ್ಲಿ ನನ್ನ ಗುರುಗಳು ಕಲಿಸಿದ್ದರು. ದುಂಬಿಯಲ್ಲಿ ಕಣ್ಣಿನ ಕೆಳಗಿನಿಂದ ದವಡೆಯ ತನಕ ಕೆನ್ನೆ ಎಷ್ಟು ಉದ್ದವಿದೆ ನೋಡಬೇಕು. ಕೂದಲು ಸಮನಾಗಿ ಗಿಡ್ಡವೋ, ಕೆದರಿಕೊಂಡಿದೆಯೋ ನೋಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಗಂಡಿನ ಹೊಟ್ಟೆಯ ತುದಿಯೊಳಗಿನ ಜನನಾಂಗದ ಗಟ್ಟಿ ಭಾಗವನ್ನು ಬಿಡಿಸಿ ನೋಡಬೇಕು. ಒಂದೊಂದು ಪ್ರಭೇದಕ್ಕೆ ಅದರ ಆಕಾರ ಒಂದೊಂದು ಬೀಗದ ಕೈಯ ಹಾಗೆ. ಪ್ರೊಫೆಸರರ ಕೈ ನಡುಗುತ್ತಿತ್ತು. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಹೊಟ್ಟೆಯ ತುದಿಯನ್ನು ಕ್ಷಾರದ ನೀರಿನಲ್ಲಿ ಕುದಿಸಿ ಮೆತ್ತಗೆ ಮಾಡಿ, ಸೂಜಿಯಿಂದ ಹೊರಗೆಳೆದು, ಗ್ಲಿಸರಿನ್ ಹನಿಯಲ್ಲಿಟ್ಟು ಚಿತ್ರ ಬಿಡಿಸುತ್ತಿದ್ದೆ. ಹೋಲಿಸಿ ನೋಡಲು ಯುರೋಪಿನ ದುಂಬಿಗಳು ಬೇಕಾದಾಗ ನ್ಯೂಯಾರ್ಕಿನ ಒಂದು ದೊಡ್ಡ ಮ್ಯೂಸಿಯಮ್ ಸಾಲ ಕೊಡಲು ಒಪ್ಪಿತು. ತರಲು ನಾನೇ ಹೋದೆ. ಬರುವಾಗ ಪೋರ್ಟ್ ಅಥಾರಿಟಿ ನಿಲ್ದಾಣದಿಂದ ಹೊರಟ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಹಿಡಿದು, ನದಿಯಡಿಯ ಸುರಂಗದ ಕುಲುಕಾಟಕ್ಕೆ ಒಂದು ಕಾಲೂ ಉದುರದಂತೆ ಉಸಿರು ಬಿಗಿಹಿಡಿದು ಕೂತಿದ್ದೆ. ಪಕ್ಕದ ಹೆಂಗಸು ಕೇಕಾ ಎಂದು ಕೇಳಿದಳು. ಹೌದೆಂದೆ.

ಎರಡು ತಿಂಗಳು ನೋಡಿದೆ. ಕೆನ್ನೆ ಒಂದೇ. ಕೂದಲು ಒಂದೇ. ಗಂಡಿನ ಅಂಗವೂ ಎಳ್ಳಷ್ಟು ವ್ಯತ್ಯಾಸವಿಲ್ಲದೆ ಒಂದೇ. ದ್ವೀಪದ ಕಪ್ಪು ದುಂಬಿ ಯುರೋಪಿನ ದೊಡ್ಡ ತೋಟದ ದುಂಬಿಯೇ, ಬಣ್ಣ ಮಾತ್ರ ಬದಲು. ನಾಲ್ಕು ಪುಟದ ಟಿಪ್ಪಣಿ ಬರೆದು, ಚಿತ್ರಗಳನ್ನು ಎದುರುಬದುರಾಗಿ ಅಂಟಿಸಿ ಪ್ರೊಫೆಸರರಿಗೆ ಕೊಟ್ಟೆ. ಅವರು ನಿಂತುಕೊಂಡೇ ಓದಿದರು.

“ಬಣ್ಣ ನಿಮಗೆ ಕಾಣಿಸಲಿಲ್ಲವೇ?” ಎಂದು ಕೇಳಿದರು.

ಕಾಣಿಸಿತು, ಆದರೆ ಬಣ್ಣ ಮೇಲಿನದಲ್ಲವೇ ಅಂದೆ. ಅವರು ಟಿಪ್ಪಣಿಯನ್ನು ಮೇಜಿನ ಖಾನೆಯಲ್ಲಿಟ್ಟು, ಮೂರನೆಯ ಬೇಸಿಗೆಯ ಹುಳಗಳಿಗೆ ಲೇಬಲ್ ಆಯಿತೇ ಎಂದು ವಿಚಾರಿಸಿದರು. ಆಗಿಲ್ಲವೆಂದೆ. ಹಾಗಾದರೆ ಅದು ಮೊದಲಾಗಲಿ ಎಂದರು. ಆಮೇಲೆ ಒಂದು ವರ್ಷ ನಮ್ಮಿಬ್ಬರ ನಡುವೆ ಆ ವಿಷಯ ಬರಲಿಲ್ಲ.

ಮನೆಯಲ್ಲಿ ಹೇಳಿಕೊಂಡರೆ ಗಂಡನಿಗೆ ಅದು ತಮಾಷೆ. ಕೆಟ್ಟವರಲ್ಲ, ದಿನಾ ಸಂಜೆ ಆಫೀಸಿನಿಂದ ಡ್ರೈವ್ ಮಾಡಿಕೊಂಡು ಬಂದು ನನ್ನನ್ನು ಕರೆದೊಯ್ಯುತ್ತಿದ್ದರು, ಒಂದು ದಿನವೂ ಬೇಸರಿಸಲಿಲ್ಲ. ಆದರೆ ಆ ವರ್ಷದ ಯುಗಾದಿಗೆ ಕನ್ನಡದ ಏಳೆಂಟು ಮನೆಯವರು ಮಾನ್ಮತ್ ಜಂಕ್ಷನ್ನಿನ ಒಬ್ಬ ಡಾಕ್ಟರ ಮನೆಯಲ್ಲಿ ಸೇರಿದಾಗ, ನಾನೇನು ಕೆಲಸ ಮಾಡುತ್ತೇನೆಂದು ಯಾರೋ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಂಡ ಅಂದರು: “ಇವಳು ಹುಳ ಬೇಯಿಸ್ತಾಳೆ. ಬೆಳಿಗ್ಗೆ ಅಲ್ಲಿ ಹುಳ, ಸಾಯಂಕಾಲ ಮನೇಲಿ ಹುಳಿ.”

ಎಲ್ಲರೂ ನಕ್ಕರು. ಊಟಕ್ಕೆ ಕೂತಾಗ ನಾನು ಮಾಡಿಕೊಂಡು ಹೋಗಿದ್ದ ಕಡಲೆಹಿಟ್ಟಿನ ಜುಣಕ ಪಾತ್ರೆಯಲ್ಲಿ ಹಾಗೇ ಉಳಿದಿತ್ತು. ಕಾರಿನಲ್ಲಿ ಬರುವಾಗ ನಾನು, “ಮಂದಿ ಮುಂದ ಹಂಗ್ಯಾಕ ಅಂದ್ರಿ?” ಎಂದು ಕೇಳಿದೆ. “ಜೋಕ್ ಮಾಡಿದ್ದಕ್ಕೆಲ್ಲ ಫೀಲ್ ಮಾಡ್ಕೋಬೇಡ” ಅಂದರು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆಹೋಗಿದ್ದಳು.

ನನ್ನ ಕೆಲಸದ ಅವಧಿ ಐದಕ್ಕೆ ಮುಗಿಯುತ್ತಿತ್ತು. ಗಂಡ ಬರುವುದು ಆರಕ್ಕೆ. ಆ ಒಂದು ಗಂಟೆ ನಾನು ಖಾಲಿ ಕಟ್ಟಡದಲ್ಲಿ ಕಾಯುತ್ತಿದ್ದೆ. ೧೯೭೩ರ ಚಳಿಗಾಲದ ಮೊದಲಲ್ಲಿ ನೆಲ ಒರೆಸಲು ಹೊಸ ಹೆಂಗಸೊಬ್ಬಳು ಬರತೊಡಗಿದಳು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವಳು, ಗಟ್ಟಿ ಮೈಕಟ್ಟು, ಕರಿ ಕಾರ್ಡಿಗನ್. ನ್ಯೂಜೆರ್ಸಿಯದೇ ಆದ ನ್ಯೂಅರ್ಕ್ ಪಟ್ಟಣದಿಂದ ಎರಡು ಬಸ್ ಬದಲಿಸಿ ಕಮ್ಯೂಟ್ ಮಾಡುತ್ತಿದ್ದಳು. ಅವಳ ಇಂಗ್ಲಿಷ್ ನನ್ನದಕ್ಕಿಂತ ಮುರುಕು. ಒಂದು ವಾರ ಪರಸ್ಪರ ತಲೆದೂಗಿದೆವು. ಎರಡನೆಯ ವಾರ ಅವಳು ನನ್ನ ಮೇಜಿನ ಪಕ್ಕ ನಿಂತು, ತೆರೆದಿದ್ದ ಪೆಟ್ಟಿಗೆಯನ್ನು ನೋಡಿ, “ಇದು ನಮ್ಮ ಊರಿನದು” ಅಂದಳು.

ಇರಲಾರದು ಎಂದುಕೊಂಡೆ. ಯಾವ ಊರು ಎಂದು ಕೇಳಿದರೆ ಅವಳು ಹೇಳಿದ ಹೆಸರು ನಾನು ನೂರಾರು ಸಲ ಲೇಬಲ್ಲಿನ ಮೊದಲ ಸಾಲಿನಲ್ಲಿ ಬರೆದದ್ದೇ. ಅವಳ ಬಾಯಲ್ಲಿ ಆ ಹೆಸರಿನ ಕೊನೆಯ ಅರ್ಧ ನುಂಗಿಹೋಗಿತ್ತು. ನಾನು ಎರಡು ವರ್ಷ ಅದನ್ನು ತಪ್ಪಾಗಿ ಉಚ್ಚರಿಸಿದ್ದೆ. ಬೆಂಕಿಮಲೆ ಉಕ್ಕಿ ಬೂದಿ ಬಿದ್ದು ಹೊಲ ಹಾಳಾದ ಮೇಲೆ ಅವಳು, ಅವಳ ಗಂಡ ಈ ದೇಶಕ್ಕೆ ಬಂದಿದ್ದರು. ಗಂಡ ಈಗಿರಲಿಲ್ಲ. ತಂಗಿಯೊಬ್ಬಳು ಅಲ್ಲೇ ಉಳಿದಿದ್ದಳು, ತಾಯಿಯ ಹೊಲ ನೋಡಿಕೊಂಡು.

ಅಂದಿನಿಂದ ಆ ಒಂದು ಗಂಟೆ ನಮ್ಮಿಬ್ಬರದಾಯಿತು. ಅವಳು ಬಕೆಟ್ಟನ್ನು ಬದಿಗಿಟ್ಟು ಹತ್ತು ನಿಮಿಷ ಕೂರುತ್ತಿದ್ದಳು. ನಾನು ಮಸೂರ ಕೊಟ್ಟು ಕೆನ್ನೆ, ನಾಲಿಗೆ, ಪರಾಗ ತುಂಬಿಕೊಳ್ಳುವ ಕಾಲಿನ ಬುಟ್ಟಿ ತೋರಿಸುತ್ತಿದ್ದೆ. ಅವಳು ಚೀಲದಿಂದ ಜೋಳದ ರೊಟ್ಟಿ ತೆಗೆದು ಅರ್ಧ ಮುರಿದು ಕೊಡುತ್ತಿದ್ದಳು. ಅದು ನಮ್ಮ ಜೋಳವಲ್ಲ, ಮೆಕ್ಕೆಜೋಳ. ಆದರೂ ಈ ದೇಶದಲ್ಲಿ ನನ್ನ ಕೈಗೆ ಇನ್ನೊಬ್ಬರು ಮುರಿದುಕೊಟ್ಟ ಮೊದಲ ರೊಟ್ಟಿ ಅದು.

ಅವಳು ಹೇಳಿದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಕ್ರಿಸ್‌ಮಸ್ ಕಳೆದು ಅವರೆಯಂಥ ಒಂದು ಕಾಳಿನ ಬೆಳೆ ಹೂ ಬಿಟ್ಟಾಗ ಹೊಲದ ತುಂಬ ಈ ಹುಳದ ಸದ್ದು ಅಂದಳು. ಅದು ಸಾಧ್ಯವೇ ಇಲ್ಲ ಅಂದೆ. ನ್ಯೂಜೆರ್ಸಿಯಲ್ಲಿ ಎಲೆ ಉದುರುವ ಹೊತ್ತಿಗೆ ದುಂಬಿಯ ಗೂಡು ಸಾಯುತ್ತದೆ. ಹಳೆಯ ರಾಣಿ, ಕೆಲಸಗಾರ ಹೆಣ್ಣುಗಳು, ಗಂಡುಗಳು ಎಲ್ಲ ಸತ್ತು, ಹೊಸ ರಾಣಿಗಳು ಮಾತ್ರ ಒಂದೊಂದೇ ಮಣ್ಣಿನಲ್ಲಿ ಹೂತುಕೊಂಡು ವಸಂತದ ತನಕ ಮಲಗುತ್ತವೆ. ದ್ವೀಪದಲ್ಲಿ ಹಿಮ ಬೀಳದಿರಬಹುದು, ನಡುವೆ ಎಚ್ಚರಾದ ರಾಣಿಯೊಂದು ಹಾರಿದ್ದನ್ನು ನೋಡಿರಬಹುದು ಅಂದುಕೊಂಡೆ. ದೊಡ್ಡವೋ ಸಣ್ಣವೋ ಎಂದು ಕೇಳಿದೆ. ದೊಡ್ಡವೂ ಇರುತ್ತವೆ, ಸಣ್ಣವೂ ಇರುತ್ತವೆ ಅಂದಳು. ಸಣ್ಣವುಗಳ ಹಿಂಗಾಲಿನಲ್ಲಿ ಹಳದಿ ಉಂಡೆ ಇರುತ್ತದೆಯೇ ಎಂದು ಕೇಳಿದೆ. ಇರುತ್ತದೆ ಅಂದಳು, ಇದನ್ನೇನು ಕೇಳುವುದು ಎನ್ನುವ ಹಾಗೆ.

ಸಣ್ಣ ದುಂಬಿ ಎಂದರೆ ಕೆಲಸಗಾರ. ಕಾಲಿನಲ್ಲಿ ಪರಾಗದ ಉಂಡೆ ಎಂದರೆ ಎಲ್ಲೋ ಗೂಡಿನಲ್ಲಿ ಮರಿಗಳಿಗೆ ಉಣಿಸುತ್ತಿದೆ. ಹಾಗಾದರೆ ಆ ದ್ವೀಪದಲ್ಲಿ ಗೂಡು ಚಳಿಗಾಲಕ್ಕೆ ಸಾಯುವುದಿಲ್ಲ. ಬೇಸಿಗೆಯಲ್ಲಿ ಮಾತ್ರ ಹೋದ ಪ್ರೊಫೆಸರರಿಗೆ ಇದು ಗೊತ್ತಿರಲಿಲ್ಲ. ಅವಳು ಇನ್ನೂ ಒಂದು ಹೇಳಿದಳು: ತನ್ನ ಅಜ್ಜಿಯ ಬಾಲ್ಯದಲ್ಲಿ ಈ ಹುಳ ಅಲ್ಲಿ ಇರಲಿಲ್ಲವಂತೆ, ದನದ ಮೇವಿಗೆಂದು ದೊಡ್ಡ ಜಮೀನುದಾರರು ಹೊರಗಿನಿಂದ ಗಿಡ ತರಿಸಿದ ಮೇಲೆ ಬಂತಂತೆ. ಮುದುಕಿಯೊಬ್ಬಳ ಮಾತು ಸಾಕ್ಷಿಯಾಗುವುದಿಲ್ಲ. ಆದರೆ ನಾನು ಕುದಿಸಿ ಬಿಡಿಸಿ ನೋಡಿದ್ದಕ್ಕೆ ಅದು ಹೊಂದುತ್ತಿತ್ತು.

ತಂಗಿಗೆ ಪತ್ರ ಬರೆದು ಜನವರಿಯಲ್ಲಿ ಕೆಲವು ಸಣ್ಣ ದುಂಬಿ ಹಿಡಿಸಿ ತರಿಸಬಹುದೇ ಎಂದು ಕೇಳಿದೆ. ಅವಳು ಬಹಳ ಹೊತ್ತು ನಕ್ಕಳು. ಆಮೇಲೆ ಬರೆದಳು.

ಫೆಬ್ರವರಿಯಲ್ಲಿ ಒಂದು ಸಂಜೆ ಅವಳು ಕಾರ್ಡಿಗನ್ನಿನ ಜೇಬಿನಿಂದ ಹೊಲಿಗೆ ದಾರದ ತಗಡಿನ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಒಳಗೆ ಹತ್ತಿಯಲ್ಲಿ ಸುತ್ತಿದ ಮೂರು ಸಣ್ಣ ದುಂಬಿಗಳು. ಎರಡರ ಕಾಲಿನಲ್ಲಿ ಪರಾಗ ಹಾಗೇ ಒಣಗಿ ಕೂತಿತ್ತು. ಒಂದರ ಎದೆಯ ಮೇಲೆ ಮಸೂರದಡಿ ಮಾತ್ರ ಕಾಣುವಷ್ಟು ಮಾಸಲು ಹಳದಿಯ ಗೆರೆಯಿತ್ತು. ಕಪ್ಪಿಗೂ ಪಟ್ಟೆಗೂ ನಡುವಿನದು ಅದು, ಎರಡೂ ಒಂದೇ ಪ್ರಭೇದವೆನ್ನುವುದಕ್ಕೆ ಸಾಕ್ಷಿ. ಬೇಸಿಗೆಯ ನೂರಾರರಲ್ಲಿ ಪ್ರೊಫೆಸರರಿಗೆ ಅಂಥದೊಂದು ಸಿಕ್ಕಿರಲಿಲ್ಲ, ಅಥವಾ ಸಿಕ್ಕಿದ್ದನ್ನು ಅವರು ತಂದಿರಲಿಲ್ಲ.

ಜೊತೆಗೆ ತಂಗಿಯ ಚೀಟಿಯೊಂದಿತ್ತು. ಅವಳು ಓದಿ ಹೇಳಿದಳು: ಯಾವ ಹೊಲ, ಯಾವ ದಿನ, ಎಂಥ ಬಿಸಿಲು. ಒಂದು ಕಚ್ಚಿ ಕೈ ಮೊಣಕೈ ತನಕ ಊದಿಕೊಂಡಿತಂತೆ, ಆದರೂ ಮೂರನ್ನು ಹಿಡಿದೇ ಮನೆಗೆ ಬಂದಳಂತೆ. ಅಮೆರಿಕದವರಿಗೆ ತಮ್ಮಲ್ಲಿ ಹುಳ ಇಲ್ಲವೇ ಎಂದು ಕೊನೆಯಲ್ಲಿ ಬರೆದಿದ್ದಳು.

ನಾನು ಒಂದು ಹಳೆಯ ಲೇಬಲ್ ತೋರಿಸಿ ಮೂರು ಸಾಲುಗಳ ಅರ್ಥ ವಿವರಿಸಿದೆ. “ನಿಮ್ಮ ತಂಗಿಯ ಹೆಸರು ಇಲ್ಲಿ ಬರೆಯುತ್ತೇನೆ” ಅಂದೆ.

“ಎಷ್ಟು ದಿನ ಇರುತ್ತದೆ ಅದು?”

“ನೂರು ವರ್ಷ. ಇನ್ನೂ ಹೆಚ್ಚು.”

ತಂಗಿಯ ಹೆಸರು ಚರ್ಚಿನ ಪುಸ್ತಕ ಬಿಟ್ಟರೆ ಇನ್ನೆಲ್ಲೂ ಇಲ್ಲ ಎಂದು ಅವಳು ಹೇಳಿದಳು. ಒಂದು ಕಾಗದದ ಮೇಲೆ ಆ ಹೆಸರನ್ನು ದೊಡ್ಡ ಅಕ್ಷರದಲ್ಲಿ, ಎಲ್ಲಿ ಒತ್ತು ಎಲ್ಲಿ ಗೆರೆ ಎಂದು ತೋರಿಸಿ ಬರೆದುಕೊಟ್ಟಳು. ತಪ್ಪಾಗಬಾರದು ಅಂದಳು.

ಮರುದಿನ ಬೆಳಿಗ್ಗೆ ಲೇಬಲ್ ಬರೆಯಲು ಕೂತೆ. ಮೊದಲ ಸಾಲು ಬರೆದೆ. ಎರಡನೆಯದು ಬರೆದೆ. ಮೂರನೆಯ ಸಾಲಿಗೆ ಪೆನ್ನು ಬಂದಾಗ ನಿಂತಿತು. ಪ್ರೊಫೆಸರ್ ಕೇಳುತ್ತಾರೆ, ಈಕೆ ಯಾರು ಎಂದು. ನೆಲ ಒರೆಸುವವಳ ತಂಗಿ ಅಂದರೆ ದಿನಾಂಕವನ್ನು ನಂಬುತ್ತಾರೆಯೇ? ನಂಬದೆ ಮೂರನ್ನೂ ಕಸಕ್ಕೆ ಹಾಕುತ್ತಾರೆ. ಅಂದು ನನಗೆ ನಾನೇ ಹೇಳಿಕೊಂಡ ಕಾರಣ ಇದು. ಕಾರಣ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಎರಡೂವರೆ ವರ್ಷ ನಾನು ಇನ್ನೊಬ್ಬರ ಹೆಸರನ್ನು ಆ ಮೂರನೆಯ ಸಾಲಿನಲ್ಲಿ ಬರೆದಿದ್ದೆ. ನನ್ನ ಹೆಸರು ಅಲ್ಲಿ ಹೇಗೆ ಕಾಣುತ್ತದೆಂದು ನೋಡುವ ಆಸೆ ಎಷ್ಟು ದಿನದಿಂದ ಒಳಗೆ ಕೂತಿತ್ತೋ ಗೊತ್ತಿಲ್ಲ. ನನ್ನ ಹೆಸರು ಬರೆದೆ. ಆಮೇಲೆ ಬದಲಿಸಿದರಾಯಿತು ಅಂದುಕೊಂಡೆ. ಮೂರು ಲೇಬಲ್ಲಿನಲ್ಲೂ ಬರೆದೆ.

ಪ್ರೊಫೆಸರ್ ಆ ದಿನ ಮಧ್ಯಾಹ್ನದ ತನಕ ಮೈಕ್ರೋಸ್ಕೋಪಿನಿಂದ ತಲೆಯೆತ್ತಲಿಲ್ಲ. ಹಳದಿ ಗೆರೆಯಿದ್ದುದನ್ನು ತಿರುಗಿಸಿ ತಿರುಗಿಸಿ ನೋಡಿದರು. ಇವು ನಿಮಗೆ ಹೇಗೆ ಬಂದವು ಎಂದು ಕೇಳಿದರು. ದ್ವೀಪದಲ್ಲಿ ನನಗೆ ಪರಿಚಯದವರಿದ್ದಾರೆ ಎಂದಷ್ಟೇ ಹೇಳಿದೆ. ಅವರು ಖಾನೆಯಿಂದ ನನ್ನ ಹಳೆಯ ಟಿಪ್ಪಣಿ ತೆಗೆದರು. ನನ್ನೆದುರೇ ಮತ್ತೊಮ್ಮೆ ಓದಿದರು. ಓದಿ ಮುಗಿಸಿ ಕಿಟಕಿಯ ಕಡೆ ನೋಡುತ್ತ, “ಹಾಗಾದರೆ ಇಡುವುದಕ್ಕೆ ಹೆಸರೇ ಇಲ್ಲ” ಅಂದರು. ಕರಡಿನಲ್ಲಿದ್ದ ಅವರ ಹೆಂಡತಿಯ ಹೆಸರು ನೆನಪಾಗಿ, ಆ ಹೊತ್ತಿನಲ್ಲಿ ಅವರ ಮೇಲೆ ನನಗೆ ಮರುಕ ಹುಟ್ಟಿತು. ಈ ಮುದುಕ ನನ್ನನ್ನು ಒಂದು ವರ್ಷ ಖಾನೆಯಲ್ಲಿ ಮುಚ್ಚಿಟ್ಟದ್ದನ್ನೂ ಮರೆತೆ.

೧೯೭೫ರ ವಸಂತದಲ್ಲಿ ಪ್ರಬಂಧ ಅಚ್ಚಾಗಿ ಬಂತು. ಪ್ರತಿಗಳು ಬಂದ ದಿನ ಪ್ರೊಫೆಸರ್ ಊರಲ್ಲಿರಲಿಲ್ಲ. ಕಟ್ಟು ಬಿಚ್ಚಿದ್ದು ನಾನೇ. ಮೇಲೆ ಎರಡು ಹೆಸರು: ಪ್ರೊಫೆಸರರದು, ಮತ್ತು ಫೋಟೋ ತೆಗೆದುಕೊಟ್ಟ ಒಬ್ಬ ಯುವ ಉಪನ್ಯಾಸಕನದು. ದ್ವೀಪದ ಕಪ್ಪು ದುಂಬಿ ಯುರೋಪಿನದೇ ಎಂದು ಮೊದಲ ಪುಟ ಹೇಳುತ್ತಿತ್ತು. ನನ್ನ ಚಿತ್ರಗಳಿದ್ದವು, ಮೂಲೆಯಲ್ಲಿ ನಾನು ಹಾಕಿದ್ದ ಸಣ್ಣ ಸಹಿ ಮಾತ್ರ ಕತ್ತರಿಸಿಹೋಗಿತ್ತು. ಚಳಿಗಾಲದಲ್ಲೂ ಗೂಡು ಬದುಕಿರುವುದು, ಕಾಳಿನ ಹೂವು, ಮೇವಿನ ಗಿಡದೊಡನೆ ಬಂದಿರಬಹುದೆಂಬ ಊಹೆ, ಎಲ್ಲ ಇತ್ತು. ಜನವರಿಯ ಮೂರು ದುಂಬಿಗಳು “ನಮಗೆ ದೊರೆತವು” ಎಂದಿತ್ತು. ಕೊನೆಯಲ್ಲಿ ವಿಭಾಗದ ಸಿಬ್ಬಂದಿಗೆ ಕೃತಜ್ಞತೆ. ಯಾರ ಹೆಸರೂ ಇಲ್ಲ.

ಅವರು ಬಂದ ಮೇಲೆ ಹೋಗಿ ನಿಂತೆ. ಏನೇನೋ ಹೇಳಬೇಕೆಂದು ಇಂಗ್ಲಿಷಿನಲ್ಲಿ ಮನಸ್ಸಿನೊಳಗೇ ಕಟ್ಟಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ: ನನ್ನ ಹೆಸರು ಎಲ್ಲೂ ಇಲ್ಲವಲ್ಲ.

ಅವರಿಗೆ ನಿಜವಾಗಿಯೂ ಆಶ್ಚರ್ಯವಾದಂತಿತ್ತು. “ನಿಮ್ಮನ್ನು ತೆಗೆದುಕೊಂಡದ್ದು ಮಾದರಿಗಳನ್ನು ಸಿದ್ಧಪಡಿಸಲು. ನೀವು ಅದನ್ನು ಬಹಳ ಚೆನ್ನಾಗಿ ಮಾಡಿದ್ದೀರಿ” ಅಂದರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಪ್ರಬಂಧವನ್ನು ಪೂರ್ತಿ ಓದಿದರು, ಇದು ಮೊದಲ ಸಲ. ಓದಿ, ಇಂಡಸ್ಟ್ರಿಯಲ್ಲೂ ಹೀಗೇ, ಪೇಟೆಂಟಿನಲ್ಲಿ ತಮ್ಮ ಹೆಸರು ಎಂದಾದರೂ ಬಂದಿದೆಯೇ ಅಂದರು. “ನಿಮಗ ಬಂದಿಲ್ಲಂತ ನನಗೂ ಬರಬಾರದೇನು?” ಅಂದೆ. ಆ ರಾತ್ರಿ ಊಟ ಮಾಡಲಿಲ್ಲ ನಾನು. ಅನ್ಯಾಯ ಎಂಬ ಪದವನ್ನು ಮನಸ್ಸಿನಲ್ಲಿ ಎಷ್ಟು ಸಲ ಅಂದುಕೊಂಡೆನೋ. ಅದು ನನಗೆ ಮಾತ್ರ ಆದದ್ದು ಎಂಬ ಹಾಗೆ.

ಅದೇ ವಾರ ನೆಲ ಒರೆಸುವವಳು ಆ ದುಂಬಿಗಳನ್ನು ತೋರಿಸಲು ಕೇಳಿದಳು. ಆ ಒಂದು ವರ್ಷದಲ್ಲಿ ಅವಳು ಒಮ್ಮೆಯೂ ಲೇಬಲ್ಲಿನ ಮಾತೆತ್ತಿರಲಿಲ್ಲ. ಬರೆಯುತ್ತೇನೆ ಅಂದಿದ್ದೆ, ಬರೆದಿರುತ್ತೇನೆ ಎಂದು ನಂಬಿದ್ದಳು. ಈಗ ತಂಗಿಗೆ ಕಾಯಿಲೆ, ಪತ್ರ ಬರೆಯುತ್ತಿದ್ದೇನೆ, ಆ ಹುಳ ಹೇಗಿದೆ ನೋಡಿ ಬರೆದರೆ ಅವಳು ನಗುತ್ತಾಳೆ ಅಂದಳು.

ಇಲ್ಲವೆನ್ನಲಾಗಲಿಲ್ಲ. ಕಪಾಟಿನಿಂದ ಪೆಟ್ಟಿಗೆ ತೆಗೆದು, ಗಾಜಿನ ಮುಚ್ಚಳದ ಮೇಲಿಂದ ಆ ಮೂರನ್ನು ತೋರಿಸಿದೆ. ಅಷ್ಟು ಸಣ್ಣ ಅಕ್ಷರ, ಅದೂ ಹುಳದ ಕೆಳಗೆ. ಅವಳಿಗೆ ಅದನ್ನು ಓದಲಾಗುವುದಿಲ್ಲ ಎಂದುಕೊಂಡಿದ್ದೆ. ಅವಳು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ನನ್ನ ಮೇಜಿನ ಮೇಲಿಂದ ಮಸೂರ ಎತ್ತಿಕೊಂಡಳು. ಒಂದು ಕಣ್ಣು ಮುಚ್ಚಿ, ನಾನು ಕಲಿಸಿದ ಹಾಗೆಯೇ ಮಸೂರವನ್ನು ಕಣ್ಣಿಗೆ ಹತ್ತಿರ ಹಿಡಿದು, ತಲೆ ಬಗ್ಗಿಸಿದಳು. ಮೊದಲನೆಯದನ್ನು ಓದಿದಳು. ಎರಡನೆಯದನ್ನು ಓದಿದಳು. ಮೂರನೆಯದನ್ನೂ ಓದಿದಳು.

“ಇದು ನಿನ್ನ ಹೆಸರು” ಅಂದಳು.

ತಾತ್ಕಾಲಿಕವಾಗಿ ಹಾಗೆ ಬರೆದೆ, ಪ್ರೊಫೆಸರ್ ಒಪ್ಪುತ್ತಿರಲಿಲ್ಲ, ಬದಲಿಸುತ್ತೇನೆ ಎಂದು ಏನೇನೋ ಹೇಳಿದೆ. ನನ್ನ ಹೆಸರನ್ನೂ ಅವರು ಪ್ರಬಂಧದಲ್ಲಿ ಬಿಟ್ಟಿದ್ದಾರೆ ಎಂದೂ ಹೇಳಿದೆ. ಅದನ್ನು ಕೇಳಿ ಅವಳು ನನಗಾಗಿ ಮರುಗಬೇಕು ಎಂಬ ಹಾಗೆ. ಅವಳು ಮಸೂರವನ್ನು ಇದ್ದ ಜಾಗದಲ್ಲೇ ಇಟ್ಟಳು. “ಅವಳ ಕೈ ಊದಿತ್ತು” ಅಂದಳು. ಬಕೆಟ್ ಎತ್ತಿಕೊಂಡು ಹೋದಳು.

ಮರುದಿನದಿಂದ ನನ್ನ ಕೋಣೆಯ ನೆಲ ನಾನು ಹೋದ ಮೇಲೆ ಒರೆಸಲ್ಪಡುತ್ತಿತ್ತು. ಕಾರಿಡಾರಿನಲ್ಲಿ ಸಿಕ್ಕರೆ ತಲೆದೂಗುತ್ತಿದ್ದಳು, ಮೊದಲ ವಾರದ ಹಾಗೆ.

ನಾನು ಆ ಕೆಲಸದಲ್ಲಿ ಇನ್ನೂ ಮೂರು ತಿಂಗಳಿದ್ದೆ. ಪೆಟ್ಟಿಗೆಯ ಬೀಗದ ಕೈ ನನ್ನ ಬಳಿಯೇ ಇತ್ತು. ಪೆನ್ನಿತ್ತು, ಕಾಗದವಿತ್ತು. ಅವಳು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟ ತಂಗಿಯ ಹೆಸರು ನನ್ನ ಮೇಜಿನ ಖಾನೆಯಲ್ಲೇ ಇತ್ತು. ಮೂರು ಲೇಬಲ್ ಬರೆಯಲು ಐದು ನಿಮಿಷ ಸಾಕು. ಪ್ರೊಫೆಸರ್ ಆ ಪೆಟ್ಟಿಗೆಯನ್ನು ಮತ್ತೆ ತೆರೆದದ್ದೇ ಇಲ್ಲ, ಯಾರೂ ಕೇಳುತ್ತಿರಲಿಲ್ಲ. ಬರೆಯಲಿಲ್ಲ. ಪ್ರಬಂಧದಲ್ಲಿ ಹೆಸರು ಹೋಯಿತು, ಇದೊಂದಾದರೂ ಇರಲಿ ಎಂದುಕೊಂಡೆನೋ, ಬರೆದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದುಕೊಂಡೆನೋ, ಈಗ ಹೇಳಲಾರೆ. ಆ ಮೊದಲ ಬೆಳಿಗ್ಗೆಗೆ ನನ್ನ ಬಳಿ ಅರ್ಧ ಕಾರಣವಾದರೂ ಇದೆ. ಈ ಮೂರು ತಿಂಗಳಿಗೆ ಯಾವ ಕಾರಣವೂ ಇಲ್ಲ.

ಜೂನ್‌ನಲ್ಲಿ ಬಿಟ್ಟೆ. ಅಷ್ಟರಲ್ಲಿ ಡ್ರೈವಿಂಗ್ ಕಲಿತಿದ್ದೆ. ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಕೆಲಸ ಸಿಕ್ಕಿತು. ಅಲ್ಲಿ ಸೀಸೆಗಳಿಗೆ ಅಂಟಿಸುವ ಚೀಟಿ ಟೈಪಾಗಿ ಬರುತ್ತದೆ. ಒಂದೆರಡು ವರ್ಷದಲ್ಲಿ ಪ್ರೊಫೆಸರ್ ನಿವೃತ್ತರಾದರೆಂದೂ, ಸಂಗ್ರಹವನ್ನೆಲ್ಲ ದೂರದ ಯಾವುದೋ ಮ್ಯೂಸಿಯಮ್ಮಿಗೆ ಕೊಟ್ಟರೆಂದೂ ಕೇಳಿದೆ. ನಿವೃತ್ತಿಯ ಊಟಕ್ಕೆ ನನ್ನನ್ನೂ ಕರೆದಿದ್ದರು. ಹೋಗಲಿಲ್ಲ.

೧೯೭೮ರ ವಸಂತದ ಒಂದು ಶನಿವಾರ ಮಗಳನ್ನು ಕರೆದುಕೊಂಡು ನ್ಯೂಅರ್ಕಿಗೆ ಹೋದೆ. ನೆಲ ಒರೆಸುತ್ತಿದ್ದವಳು ಒಮ್ಮೆ ಹೇಳಿದ್ದ ಬೀದಿಯ ಹೆಸರು ನೆನಪಿತ್ತು. ಬೇಕರಿಯೊಂದರಲ್ಲಿ ವಿಚಾರಿಸಿದರೆ, ಆಕೆ ಈಗ ಅಲ್ಲೇ ಹಿಂದೆ ಕೆಲಸ ಮಾಡುವುದು ಅಂದರು. ಹಿಟ್ಟು ಹತ್ತಿದ ಕೈಯಲ್ಲೇ ಹೊರಗೆ ಬಂದಳು. ಗುರುತು ಹಿಡಿದಳು. ಮಗಳಿಗೆ ಒಂದು ಸಿಹಿ ಬನ್ನು ಕೊಟ್ಟಳು, ನನಗೆ ಸಣ್ಣ ಲೋಟದಲ್ಲಿ ಕಾಫಿ. ತಂಗಿ ಹೇಗಿದ್ದಾಳೆಂದು ಕೇಳಿದೆ. ಆ ಬೇಸಿಗೆಯಲ್ಲೇ ಹೋದಳು ಅಂದಳು. ಯಾವ ಬೇಸಿಗೆ ಎಂದು ನಾನು ಕೇಳಲಿಲ್ಲ.

ಲೇಬಲ್ಲಿನ ಮಾತು ಆರಂಭಿಸಿದೆ. ಆ ಮ್ಯೂಸಿಯಮ್ ಯಾವುದೆಂದು ಹುಡುಕಿ ಪತ್ರ ಬರೆಯುತ್ತೇನೆ, ಹೆಸರು ಸೇರಿಸಲು ಹೇಳುತ್ತೇನೆ ಅಂದೆ. ಅವಳು ಕೈಯೆತ್ತಿ ತಡೆದಳು.

“ಬೇಡ. ಅವಳಿಗೆ ನಾನು ಆಗಲೇ ಬರೆದಿದ್ದೆ. ಹೆಸರು ಇದೆ, ಚೆನ್ನಾಗಿ ಕಾಣುತ್ತದೆ ಅಂತ ಬರೆದಿದ್ದೆ. ಈಗ ನೀನು ಮುಟ್ಟಬೇಡ.”

ಒಲೆಯ ಕಡೆಯಿಂದ ಯಾರೋ ಅವಳನ್ನು ಕರೆದರು. ಹೋದಳು. ನಾನು ಕಾಫಿ ಮುಗಿಸಿ ಲೋಟವನ್ನು ಕೌಂಟರಿನ ಮೇಲಿಟ್ಟೆ.

ಟರ್ನ್‌ಪೈಕ್ ಹೆದ್ದಾರಿಗೆ ಬಂದ ಮೇಲೆ ಮಗಳು, ಆ ಲೇಡಿ ಯಾರು, ನಿನ್ನ ಫ್ರೆಂಡಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. “ಅಲ್ಲವ್ವಾ, ಒಂದ ಕಡೆ ಕೆಲಸ ಮಾಡತಿದ್ವಿ” ಅಂದೆ. ಅವಳು ಬನ್ನಿನ ಉಳಿದರ್ಧವನ್ನು ನನ್ನ ಕಡೆ ಚಾಚಿದಳು. ಹಸಿವಿಲ್ಲ ಅಂದೆ.